ಹಿಡಿತ ದೋಣಿಗೆ, ಹೊಡೆತ ದಡಕ್ಕೆ

ಇನ್ನೂರು, ಮುನ್ನೂರು ಅಶ್ವಶಕ್ತಿಯ ಎಂಜಿನ್ ಹೊತ್ತ ವಿಹಾರದ ಸ್ಪೀಡ್‌ಬೋಟುಗಳನ್ನು ತಯಾರಿಸುವವರು, ಮಾರುವವರು, ಓಡಿಸುವವರು ಎಲ್ಲರೂ ಒಪ್ಪುವ ಒಂದು ಮಾತಿದೆ: ದೋಣಿಯ ಮೇಲಿನ ಹಿಡಿತ ಸುಧಾರಿಸಿದಷ್ಟೂ ಅಪಾಯ ಕಡಿಮೆಯಾಗುತ್ತದೆ. ಕೇಳುವುದಕ್ಕೆ ಇದು ನ್ಯಾಯವಾದ ಮಾತೇ. ಆದರೆ ಹಿಡಿತವೆಂದರೆ ಯಾವುದರ ಮೇಲಿನ ಹಿಡಿತ? ದೋಣಿಯ ಮೇಲೆಯೋ, ಅದರ ಹಿಂದೆ ಏಳುವ ಅಲೆಯ ಮೇಲೆಯೋ, ಎದುರಿಗೆ ಬರುವ ತೆಪ್ಪದ ಮೇಲೆಯೋ, ನೀರಿನಡಿ ಅಡಗಿರುವ ಕೊರಡಿನ ಮೇಲೆಯೋ? ಮಲೆನಾಡಿನ ಹಿನ್ನೀರುಗಳಲ್ಲಿ ಜಲಕ್ರೀಡೆಯ ಮಾತು ಮೇಲಿಂದ ಮೇಲೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ದೋಣಿ ಮಾರುವವರು ಈ ಪ್ರಶ್ನೆಯನ್ನು ಕೇಳಲಾರರು. ದಡದಲ್ಲಿ ಬದುಕುವವರೇ ಕೇಳಬೇಕಾಗಿದೆ.

ಕೇಳುವ ಮೊದಲು ಯಂತ್ರವನ್ನು ಅರಿಯುವುದು ಅಗತ್ಯ. ‘ಇವರಿಗೆ ತಾಂತ್ರಿಕ ವಿಷಯ ತಿಳಿಯದು’ ಎಂಬ ನೆಪದಿಂದ ಹಳ್ಳಿಗರ ಎಷ್ಟು ಅಹವಾಲುಗಳು ಕಡತದ ಅಡಿಗೆ ಸೇರಿಲ್ಲ?

ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು, ನೀರಿನೊಳಗೆ ಕುಳಿತು ಸಾಗುತ್ತದೆ. ಸ್ಪೀಡ್‌ಬೋಟ್ ಹಾಗಲ್ಲ. ಒಂದು ವೇಗವನ್ನು ದಾಟಿದ ಮೇಲೆ ಅದು ನೀರಿನಿಂದ ಮೇಲೆದ್ದು, ಹಿಂಭಾಗದ ಸ್ವಲ್ಪ ತಳವನ್ನಷ್ಟೇ ನೀರಿಗೆ ತಾಗಿಸಿಕೊಂಡು ಜಾರತೊಡಗುತ್ತದೆ. ಕೆರೆಯ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಎಸೆದಾಗ ಅದು ಹಾರುತ್ತ ಹೋಗುವುದನ್ನು ಕಂಡವರಿಗೆ ಇದರ ತತ್ತ್ವ ಅರ್ಥವಾಗುತ್ತದೆ. ತಳದ ಹೆಚ್ಚು ಭಾಗ ನೀರಿನಿಂದ ಬಿಡುಗಡೆಯಾದಷ್ಟೂ ಘರ್ಷಣೆ ಕಡಿಮೆ, ವೇಗ ಹೆಚ್ಚು. ಆದರೆ ನೀರಿನ ಸ್ಪರ್ಶ ಕಡಿಮೆಯಾದಷ್ಟೂ ನೀರಿನ ಆಸರೆಯೂ ಕಡಿಮೆ. ವೇಗವನ್ನು ಕೊಡುವ ಕಾರಣವೇ ಹಿಡಿತವನ್ನು ಕಸಿಯುತ್ತದೆ ಎಂಬ ಈ ವಿರೋಧಾಭಾಸ ಸ್ಪೀಡ್‌ಬೋಟಿನ ಹುಟ್ಟುಗುಣ. ಅದನ್ನು ಯಾವ ಉಪಕರಣವೂ ಪೂರ್ತಿ ಅಳಿಸಲಾರದು.

ಆ ವೇಗದಲ್ಲಿ ಎರಡು ಬಗೆಯ ಕಾಟಗಳು ಮುಖ್ಯವಾಗಿ ಕಾಣಿಸಿಕೊಳ್ಳುತ್ತವೆ. ಒಂದು, ಮೂತಿ ಏಳುವುದು, ಬೀಳುವುದು, ಮತ್ತೆ ಏಳುವುದು. ಡಾಲ್ಫಿನ್ ಜಾತಿಗೆ ಹತ್ತಿರದ ಕಡಲಪ್ರಾಣಿಯ ಹೆಸರಿನಿಂದ ಇದನ್ನು ಪೋರ್ಪಾಯ್ಸಿಂಗ್ ಎನ್ನುತ್ತಾರೆ. ಎಂಜಿನ್ನಿನ ಓರೆಯನ್ನು, ಅಂದರೆ ಟ್ರಿಮ್ ಅನ್ನು, ಅತಿಯಾಗಿ ಹೊರಕ್ಕೆ ಚಾಚಿದಾಗ ಅಥವಾ ಭಾರವೆಲ್ಲ ಹಿಂದಕ್ಕೆ ಸೇರಿದಾಗ ಇದು ಹುಟ್ಟುತ್ತದೆ. ಟ್ರಿಮ್ ಅನ್ನು ಒಳಕ್ಕೆ ತಂದರೆ, ಇಂಧನದ ಟ್ಯಾಂಕು, ಬ್ಯಾಟರಿ, ಪ್ರಯಾಣಿಕರನ್ನು ಸ್ವಲ್ಪ ಮುಂದಕ್ಕೆ ಕೂರಿಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಎರಡನೆಯದು ಇದಕ್ಕಿಂತ ಭೀಕರ. ‘ವಿ’ ಆಕಾರದ ತಳವಿರುವ ದೋಣಿ ಅತಿವೇಗದಲ್ಲಿ ತಳದ ನಡುಗೆರೆಯ ಮೇಲಷ್ಟೇ ನಿಂತು ಎಡಕ್ಕೆ ಬಲಕ್ಕೆ ತೂಗತೊಡಗುತ್ತದೆ. ಇದಕ್ಕೆ ಚೈನ್ ವಾಕಿಂಗ್ ಎಂದು ಹೆಸರು. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಸ್ಟಿಯರಿಂಗಿನಲ್ಲಿ ಚೂರು ಸಡಿಲವಿದ್ದರೂ, ಚಾಲಕ ಗಾಬರಿಯಿಂದ ತಡವಾಗಿ ತಿದ್ದಿದರೂ ಅದು ಹೆಚ್ಚುತ್ತದೆ. ಕೊನೆಗೆ ಒಂದು ಅಂಚು ನೀರನ್ನು ಕಚ್ಚಿತೆಂದರೆ ದೋಣಿ ಅಡ್ಡ ತಿರುಗಿ ಒಳಗಿದ್ದವರನ್ನೆಲ್ಲ ಹೊರಕ್ಕೆ ಎಸೆಯುತ್ತದೆ.

ಇವಕ್ಕೆ ಪೇಟೆಯಲ್ಲಿ ಮದ್ದುಗಳಿವೆ. ಹಿಂಭಾಗದ ತಳದಂಚಿಗೆ ಜೋಡಿಸುವ ಟ್ರಿಮ್ ಟ್ಯಾಬ್ ಎಂಬ ತಗಡುಗಳು ಮೂತಿಯನ್ನು ಕೆಳಗಿಳಿಸಿ, ಒಂದು ಬದಿಗೆ ವಾಲಿದ ದೋಣಿಯನ್ನು ಸಮಕ್ಕೆ ತರುತ್ತವೆ. ಹೈಡ್ರಾಲಿಕ್ ಸ್ಟಿಯರಿಂಗ್ ಸಡಿಲವನ್ನು ನೀಗಿಸುತ್ತದೆ. ಮೂರು ರೆಕ್ಕೆಯ ಪ್ರೊಪೆಲರ್ ಬದಲು ನಾಲ್ಕು ರೆಕ್ಕೆಯದನ್ನು ಹಾಕಿದರೆ ತಿರುವಿನಲ್ಲಿ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪರಮಾವಧಿ ವೇಗ ಸಾಮಾನ್ಯವಾಗಿ ತುಸು ತಗ್ಗುತ್ತದೆ. ಇವೆಲ್ಲ ನಿಜವಾದ ಸುಧಾರಣೆಗಳೇ, ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಆದರೆ ಇದೇ ಅಂಗಡಿಯಲ್ಲಿ, ಇದೇ ‘ಹಿಡಿತ’ದ ಹೆಸರಿನಲ್ಲಿ ಜಾಕ್ ಪ್ಲೇಟ್ ಎಂಬುದನ್ನೂ ಮಾರುತ್ತಾರೆ. ಅದು ಎಂಜಿನ್ನನ್ನು ಮೇಲಕ್ಕೆತ್ತಿ ನೀರಿನ ಎಳೆತವನ್ನು ತಗ್ಗಿಸುವ ಸಾಧನ. ಅದರಿಂದ ಮುಖ್ಯವಾಗಿ ಸಿಗುವುದು ಇನ್ನಷ್ಟು ವೇಗ. ಈ ಎಲ್ಲ ಕಾಟಗಳಿಗೂ ಇರುವ ಮೊದಲನೆಯ, ಅಗ್ಗದ ಮದ್ದಾದರೋ ಥ್ರಾಟಲನ್ನು ಹದವಾಗಿ ಇಳಿಸುವುದು. ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಅದರಲ್ಲಿ ಯಾರಿಗೂ ಲಾಭವಿಲ್ಲ.

ಗಳಿಸಿದ ಹಿಡಿತವನ್ನು ಏನು ಮಾಡಲಾಗುತ್ತದೆ ಎಂಬುದೇ ಇಲ್ಲಿನ ತಿರುಳು. ಇತಿಹಾಸ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. 1960ರಲ್ಲಿ ಅಮೆರಿಕದ ಮಿಯಾಮಿಯಿಂದ ಬಹಾಮಾಸ್‌ನ ನಸ್ಸೌವರೆಗಿನ ಕಡಲ ಪಂದ್ಯವನ್ನು ‘ಮೋಪಿ’ ಎಂಬ ದೋಣಿ ಬಿರುಸಿನ ಅಲೆಗಳ ನಡುವೆ ಗೆದ್ದಿತು. ರೇ ಹಂಟ್ ರೂಪಿಸಿದ್ದ, ರಿಚರ್ಡ್ ಬರ್ಟ್ರಾಮ್ ಓಡಿಸಿದ್ದ ಆ ದೋಣಿಯ ತಳ ಹಿಂಭಾಗದವರೆಗೂ ಆಳವಾದ ‘ವಿ’ ಆಕಾರದಲ್ಲಿತ್ತು. ಚಪ್ಪಟೆ ತಳದ ದೋಣಿಗಳು ಬಡಿದು ನಡುಗುತ್ತಿದ್ದ ಅಲೆಗಳನ್ನು ಅದು ಮೃದುವಾಗಿ ಸೀಳಿತು. ಕಡಲಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಹೋಗುವ ದೋಣಿಗಳಿಗೂ ಈ ತಳದಿಂದ ಉಪಕಾರವಾಯಿತು, ಸರಿ. ಆದರೆ ಆಳವಾದ ತಳವನ್ನು ನೀರಿನಿಂದ ಮೇಲೆತ್ತಲು ಹೆಚ್ಚಿನ ಶಕ್ತಿ ಬೇಕು. ಎಂಜಿನ್ ದೊಡ್ಡದಾಯಿತು. ಎಂಜಿನ್ ದೊಡ್ಡದಾದ ಮೇಲೆ ವೇಗ ಹೆಚ್ಚಿತು. ಆ ಹೊಸ ವೇಗದಲ್ಲಿ ಹಿಡಿತ ತಪ್ಪತೊಡಗಿದಾಗ ಹೊಸ ಉಪಕರಣಗಳು ಬಂದವು. ಬೆಟ್ಟದ ರಸ್ತೆಯನ್ನು ಅಗಲ ಮಾಡಿದ ಮೇಲೆ ಬಸ್ಸು ಮೊದಲಿನ ವೇಗದಲ್ಲೇ ಹೋಗುತ್ತದೆಯೆ? ಹೆಚ್ಚಿದ ಸುರಕ್ಷತೆಯನ್ನು ಚಾಲಕ ತನ್ನ ಬೊಕ್ಕಸದಲ್ಲಿ ಕೂಡಿಡುವುದಿಲ್ಲ. ವೇಗವಾಗಿ ಖರ್ಚು ಮಾಡಿಬಿಡುತ್ತಾನೆ. ಕೊನೆಗೆ ಉಳಿಯುವುದು ಹಳೆಯಷ್ಟೇ ಅಪಾಯ. ಆದರೆ ಈಗ ಅದು ಹೆಚ್ಚಿನ ವೇಗದ ಅಪಾಯ.

ಜಗತ್ತಿನ ಅತ್ಯಂತ ನುರಿತ ಚಾಲಕರು, ಅಂದಿನ ಕಾಲದ ಅತ್ಯುತ್ತಮ ದೋಣಿಗಳಲ್ಲಿ, ಕೆರೆ ಸರೋವರಗಳಲ್ಲಿ ಹೇಗೆ ಸತ್ತರು ಎಂಬುದನ್ನು ನೋಡಬೇಕು. 1930ರ ಜೂನ್ 13ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಹೆನ್ರಿ ಸೀಗ್ರೇವ್ ಗಂಟೆಗೆ ಸುಮಾರು 159 ಕಿ.ಮೀ. ವೇಗದ ವಿಶ್ವದಾಖಲೆ ಸ್ಥಾಪಿಸಿದ ದಿನವೇ ಮಡಿದರು. ನೀರಿನಲ್ಲಿ ತೇಲುತ್ತಿದ್ದ ಮರದ ದಿಮ್ಮಿಯೊಂದು ದೋಣಿಗೆ ಬಡಿಯಿತೆಂದು ನಂಬಲಾಗಿದೆ. 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲಿ ಜಾನ್ ಕಾಬ್ ಅವರ ಜೆಟ್ ದೋಣಿ ಛಿದ್ರವಾಯಿತು. ಅವರ ತಂಡದ್ದೇ ಮತ್ತೊಂದು ದೋಣಿ ಎಬ್ಬಿಸಿದ್ದ ಅಲೆಗಳನ್ನು ಅದು ಹಾಯ್ದಿತೆಂಬುದು ಪ್ರಚಲಿತ ವಿವರಣೆ. 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ‘ಬ್ಲೂಬರ್ಡ್’ ಗಂಟೆಗೆ 480 ಕಿ.ಮೀ.ಗೂ ಮೀರಿದ ವೇಗದಲ್ಲಿ ನೀರಿನಿಂದ ಎದ್ದು ಮಗುಚಿತು. ಮೊದಲ ಓಟದ ಅಲೆಗಳು ಅಡಗುವುದನ್ನು ಕಾಯದೆ ಅವರು ಹಿಂದಿರುಗಿ ಓಡಿಸಿದ್ದರು. ಅದು ಕಾರಣಗಳಲ್ಲಿ ಒಂದಿರಬಹುದೆಂದು ಹಲವರು ಹೇಳುತ್ತಾರೆ. ಒಬ್ಬರಿಗೆ ಕೊರಡು, ಒಬ್ಬರಿಗೆ ಇನ್ನೊಂದು ದೋಣಿಯ ಅಲೆ, ಮತ್ತೊಬ್ಬರಿಗೆ ಪ್ರಾಯಶಃ ತಾವೇ ಎಬ್ಬಿಸಿದ ಅಲೆ. ಇವರಲ್ಲಿ ಯಾರಿಗೂ ಕೌಶಲದ ಕೊರತೆ ಇರಲಿಲ್ಲ. ವಾರಾಂತ್ಯದಲ್ಲಿ ಊರಿಂದ ಬಂದು, ಅರ್ಧ ಗಂಟೆಗೆ ಬಾಡಿಗೆ ಕೊಟ್ಟು ಚುಕ್ಕಾಣಿ ಹಿಡಿಯುವ ಯುವಕನಿಗೆ ಎಂಥ ಟ್ರಿಮ್ ಟ್ಯಾಬ್ ಕೊಟ್ಟರೆ ಸಾಕಾದೀತು?

ದಾಖಲೆಯ ಹುಚ್ಚಿಲ್ಲದ ಸಾಮಾನ್ಯ ವಿಹಾರವೂ ಹೇಗೆ ಕ್ಷಣದಲ್ಲಿ ಕೈಮೀರುತ್ತದೆ ಎಂಬುದಕ್ಕೆ 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕ್ಯಾಮಲ್ ನದೀಮುಖದಲ್ಲಿ ನಡೆದ ದುರಂತ ಸಾಕ್ಷಿ. ವೇಗದಲ್ಲಿ ತೆಗೆದುಕೊಂಡ ಒಂದು ತಿರುವಿನಲ್ಲಿ ಒಂದೇ ಕುಟುಂಬದ ಆರು ಮಂದಿ ನೀರಿಗೆ ಎಸೆಯಲ್ಪಟ್ಟರು. ಚಾಲಕ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಬಳ್ಳಿ, ಅಂದರೆ ಕಿಲ್ ಕಾರ್ಡ್, ಯಾರ ಮೈಗೂ ಕಟ್ಟಿರಲಿಲ್ಲ. ಚಾಲಕನಿಲ್ಲದ ದೋಣಿ ಸುತ್ತುತ್ತ ಬಂದು ಬಿದ್ದವರ ಮೇಲೆಯೇ ಹರಿಯಿತು. ತಂದೆ ಮತ್ತು ಎಳೆಯ ಮಗಳು ಸತ್ತರು. ಉಳಿದವರಲ್ಲಿ ಕೆಲವರಿಗೆ ತೀವ್ರ ಗಾಯಗಳಾದವು. ಆ ಬಳ್ಳಿಯ ಬೆಲೆ ಎಷ್ಟು? ದೋಣಿಯ ಬೆಲೆಯ ಮುಂದೆ ಏನೇನೂ ಅಲ್ಲ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಯಂತ್ರದೋಣಿಗಳ ಚಾಲಕರು ಇದನ್ನು ಬಳಸಬೇಕೆಂಬ ನಿಯಮ ಜಾರಿಗೆ ಬಂದದ್ದೇ 2021ರ ಏಪ್ರಿಲ್‌ನಲ್ಲಿ. ನೂರು ಮೈಲಿ ವೇಗದ ತಂತ್ರಜ್ಞಾನ ಬಂದು ದಶಕಗಳೇ ಕಳೆದ ಮೇಲೆ!

ದೋಣಿಯೊಳಗಿದ್ದವರು ತಾವೇ ಆಯ್ದುಕೊಂಡ ಅಪಾಯವಿದು ಎನ್ನುವವರು ಮುಂಬಯಿಯ ಘಟನೆಯನ್ನು ನೆನೆಯಲಿ. 2024ರ ಡಿಸೆಂಬರ್ 18ರಂದು ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಸಾಗುತ್ತಿದ್ದ ‘ನೀಲ್ ಕಮಲ್’ ದೋಣಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟೊಂದು ಹಿಡಿತ ತಪ್ಪಿ ಬಂದು ಅಪ್ಪಳಿಸಿತು. 15 ಮಂದಿ ಸತ್ತರು. ಅದು ವಿಹಾರದ ದೋಣಿಯಲ್ಲ, ನಿಜ. ಅದರಲ್ಲಿದ್ದವರು ಬಾಡಿಗೆಯ ಹುಡುಗರೂ ಅಲ್ಲ, ತರಬೇತಿ ಪಡೆದವರು. ಹಾಗಿದ್ದೂ ಹೀಗಾಯಿತೆಂಬುದೇ ಗಮನಿಸಬೇಕಾದ ಸಂಗತಿ. ಸತ್ತವರಲ್ಲಿ ಹೆಚ್ಚಿನವರು ವೇಗವನ್ನು ಬಯಸಿದವರಲ್ಲ. ಅವರು ಮಕ್ಕಳೊಂದಿಗೆ ದ್ವೀಪ ನೋಡಲು ಹೊರಟವರು.

ಇನ್ನು ಅಲೆಯ ಮಾತು. ದೋಣಿ ನೀರಿನೊಳಗೆ ಕುಳಿತಿರುವ ಸ್ಥಿತಿಯಿಂದ ಮೇಲೆದ್ದು ಜಾರುವ ಸ್ಥಿತಿಗೆ ಹೋಗುವ ನಡುವೆ ಒಂದು ಏರು ಬರುತ್ತದೆ. ಆಗ ಮೂತಿ ಆಕಾಶ ನೋಡುತ್ತಿರುತ್ತದೆ, ಹಿಂಭಾಗ ಆಳಕ್ಕೆ ಇಳಿದಿರುತ್ತದೆ. ಅಲೆ ಅತಿ ದೊಡ್ಡದಾಗಿ ಏಳುವುದು ಆಗಲೇ. ನೇರವಾಗಿ ದೂರ ಸಾಗುವ ದೋಣಿ ಆ ಏರನ್ನು ಒಮ್ಮೆ ದಾಟಿ ಮುಗಿಸುತ್ತದೆ. ವಿಹಾರದ ದೋಣಿ ಮಾಡುವುದೇ ಬೇರೆ: ಹೊರಡುವುದು, ಸುತ್ತುವುದು, ನಿಲ್ಲುವುದು, ಮತ್ತೆ ಹೊರಡುವುದು. ಪ್ರತಿ ಬಾರಿಯೂ ಆ ಏರು, ಪ್ರತಿ ಬಾರಿಯೂ ಆ ಅಲೆ. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರಿಗಾಗಿ ತಯಾರಾದ ದೋಣಿಗಳಲ್ಲಂತೂ ಟ್ಯಾಂಕುಗಳಿಗೆ ನೀರು ತುಂಬಿ, ಬೇಕೆಂದೇ ಭಾರ ಹೆಚ್ಚಿಸಿ, ಅಲೆಯನ್ನು ದೊಡ್ಡದು ಮಾಡುತ್ತಾರೆ. ಅಲ್ಲಿ ಅದಕ್ಕೂ ‘ಸುಧಾರಣೆ’ ಎಂದೇ ಹೆಸರು. ದೋಣಿ ಹೋದ ಮೇಲೆ ಅಲೆ ದಡಕ್ಕೆ ಬರುತ್ತದೆ. ಧರೆಯ ಬುಡವನ್ನು ಕೊರೆಯುತ್ತದೆ, ಮಣ್ಣನ್ನು ಕಲಕಿ ನೀರಿಗೆ ಬೆರೆಸುತ್ತದೆ, ಆಳವಿಲ್ಲದ ಕಡೆ ಮೀನು ಮೊಟ್ಟೆಯಿಟ್ಟ ಜಾಗವನ್ನು ಕೆದಕುತ್ತದೆ. ಅಂಚಿನಲ್ಲಿ ಕಟ್ಟಿದ ತೆಪ್ಪವನ್ನು ಕಲ್ಲಿಗೆ ಬಡಿಯುತ್ತದೆ. ದೋಣಿಯ ಹಿಡಿತ ಎಷ್ಟೇ ಸುಧಾರಿಸಲಿ, ಒಮ್ಮೆ ಎದ್ದ ಅಲೆಗೆ ಚುಕ್ಕಾಣಿ ಇಲ್ಲ.

ಸೀಗ್ರೇವ್ ಸತ್ತ ವಿಂಡರ್‌ಮಿಯರ್‌ನಲ್ಲೇ ಈ ಜಗಳ ಕಾನೂನಿನ ಕಟ್ಟೆ ಏರಿತು. ಸುಮಾರು 17 ಕಿ.ಮೀ. ಉದ್ದದ ಆ ಸರೋವರ ಇಂಗ್ಲೆಂಡಿನಲ್ಲಿ ಅತಿ ದೊಡ್ಡದು, ಬೆಟ್ಟಗಳ ನಡುವಿನದು, 1951ರಿಂದ ರಾಷ್ಟ್ರೀಯ ಉದ್ಯಾನದೊಳಗಿರುವುದು. ಕಾನಿಸ್ಟನ್, ಡರ್ವೆಂಟ್‌ವಾಟರ್, ಅಲ್ಸ್‌ವಾಟರ್ ಸರೋವರಗಳಲ್ಲಿ ಮೊದಲೇ ವೇಗಮಿತಿ ಬಂದಿದ್ದರಿಂದ ವೇಗದ ದೋಣಿಗಳೆಲ್ಲ ಮಿತಿಯಿಲ್ಲದ ವಿಂಡರ್‌ಮಿಯರ್‌ಗೆ ಬಂದು ಸೇರಿದವು. (ಒಂದೆಡೆ ಬಾಗಿಲು ಹಾಕಿದರೆ ಇನ್ನೊಂದೆಡೆಗೆ ನುಗ್ಗುವ ಈ ಗುಣವನ್ನು ಮಲೆನಾಡಿನವರು ಗಣಿಗಾರಿಕೆಯಲ್ಲೂ ರೆಸಾರ್ಟುಗಳಲ್ಲೂ ಕಂಡಿದ್ದಾರೆ.) ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ. ಮಿತಿಯ ಉಪವಿಧಿಗಾಗಿ ಉದ್ಯಾನದ ಆಡಳಿತ ಪಟ್ಟುಹಿಡಿಯಿತು. 1994ರಲ್ಲಿ ಸಾರ್ವಜನಿಕ ವಿಚಾರಣೆ ಆರಂಭವಾಯಿತು. 1996ರಲ್ಲಿ ಸರಕಾರ ಅದನ್ನು ತಿರಸ್ಕರಿಸಿತು. ಸರಕಾರ ಬದಲಾದ ಮೇಲೆ 2000ದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಐದು ವರ್ಷಗಳ ಕಾಲಾವಕಾಶದೊಂದಿಗೆ. 2005ರ ಮಾರ್ಚ್ 29ರಂದು ಮಿತಿ ಜಾರಿಗೆ ಬಂದಿತು.

ಅದಕ್ಕೆ ಎದುರಾದ ವಾದಗಳನ್ನು ಮುಚ್ಚಿಡಬೇಕಾಗಿಲ್ಲ. ಅವೇ ವಾದಗಳು ನಾಳೆ ಇಲ್ಲಿಯೂ ಬರಲಿವೆ. ಸ್ಕೀಯಿಂಗ್ ಕಲಿಸುವವರ, ವೇಗದೋಣಿ ದುರಸ್ತಿ ಮಾಡುವವರ ಜೀವನೋಪಾಯಕ್ಕೆ ಪೆಟ್ಟು ಬಿತ್ತು; ಅದು ಸುಳ್ಳಲ್ಲ. ಐದು ವರ್ಷದ ಅವಕಾಶ ಕೊಟ್ಟದ್ದೂ ಅಂಥವರಿಗಾಗಿಯೇ. ಆದರೆ ಪ್ರವಾಸೋದ್ಯಮ ಸಾಯಲಿಲ್ಲ. ಪ್ರಯಾಣಿಕರ ವಿಹಾರ ನೌಕೆಗಳು, ಹಾಯಿದೋಣಿಗಳು, ಹುಟ್ಟುದೋಣಿಗಳು ಇಂದಿಗೂ ಅಲ್ಲಿ ಸಾಗುತ್ತಿವೆ. ವೇಗಮಿತಿಯಿಂದ ಸರೋವರದ ಎಲ್ಲ ರೋಗವೂ ಗುಣವಾಯಿತೆಂದೇನೂ ಅಲ್ಲ. ಚರಂಡಿ ನೀರಿನಿಂದ ಬೆಳೆಯುವ ಪಾಚಿಯ ವಿರುದ್ಧ ಅಲ್ಲಿನ ಜನ ಈಗಲೂ ಹೋರಾಡುತ್ತಿದ್ದಾರೆ.

ಇದಕ್ಕಿಂತ ಚುರುಕಾದ ವಾದ ಇನ್ನೊಂದಿದೆ. ಐದಾರು ಮೀಟರ್ ಉದ್ದದ ಸ್ಪೀಡ್‌ಬೋಟ್ ಗಂಟೆಗೆ 16 ಕಿ.ಮೀ. ವೇಗದಲ್ಲಿ ಅತ್ತ ಕುಳಿತೂ ಇಲ್ಲ, ಇತ್ತ ಎದ್ದೂ ಇಲ್ಲ. ಮೇಲೆ ಹೇಳಿದ ಏರಿನಲ್ಲೇ ಸಿಕ್ಕಿಕೊಂಡಿರುತ್ತದೆ. ಮೂತಿ ಎದ್ದು ಮುಂದಿನದು ಕಾಣದು, ಅಲೆ ದೊಡ್ಡದು, ಹಿಡಿತ ಕೆಟ್ಟದ್ದು. ಆದ್ದರಿಂದ ವೇಗಮಿತಿಯೇ ಅಪಾಯಕಾರಿ ಎನ್ನುತ್ತಾರೆ. ಭೌತಶಾಸ್ತ್ರದ ಮಟ್ಟಿಗೆ ಇದು ಸರಿ. ಆದರೆ 16 ಎಂಬುದು ಮೇಲಿನ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ; ಎಂಟು ಕಿಲೋಮೀಟರಿಗೆ ಇಳಿಸಿದರೆ ಅದೇ ದೋಣಿ ಸದ್ದಿಲ್ಲದೆ, ಅಲೆಯಿಲ್ಲದೆ ಸಾಗುತ್ತದೆ. ಅದಕ್ಕೂ ಮಿಗಿಲಾಗಿ, ಒಂದು ಯಂತ್ರ ಇತರರಿಗೆ ತೊಂದರೆಯಾಗದ ವೇಗದಲ್ಲಿ ನೆಟ್ಟಗೆ ನಡೆಯಲಾರದು ಎಂದರೆ ಆ ನೀರಿಗೆ ಆ ಯಂತ್ರ ತಕ್ಕುದಲ್ಲ ಎಂದೇ ಅರ್ಥ. ದೋಣಿಗೆ ಹೊಂದುವಂತೆ ಸರೋವರವನ್ನು ಬದಲಿಸಬೇಕೆನ್ನುವುದು ಯಾವ ನ್ಯಾಯ? ಗಂಟೆಗೆ 80 ಕಿ.ಮೀ. ಓಡುವ ದೋಣಿಯಲ್ಲಿ 16 ಕಿ.ಮೀ. ಓಡುವ ಅದೇ ದೋಣಿಗಿಂತ 25 ಪಟ್ಟು ಚಲನಶಕ್ತಿ ಇರುತ್ತದೆ. ಶಾಲೆಯ ಹುಡುಗರೂ ಲೆಕ್ಕ ಹಾಕಬಲ್ಲರು. ಸೆಕೆಂಡಿಗೆ 22 ಮೀಟರ್. ಕಂಡು, ಅರಿತು, ಕೈಯಾಡಿಸಲು ಎರಡು ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 44 ಮೀಟರ್ ಕಳೆದಿರುತ್ತದೆ. ದೋಣಿಗೆ ಬ್ರೇಕಿಲ್ಲ.

ಈ ಲೆಕ್ಕವನ್ನು ಶರಾವತಿಯ ಹಿನ್ನೀರಿನ ಮೇಲೆ ಇಟ್ಟು ನೋಡಬೇಕು. ವಿಂಡರ್‌ಮಿಯರ್ ನಿಸರ್ಗ ನಿರ್ಮಿಸಿದ ಸರೋವರ. ಲಿಂಗನಮಕ್ಕಿ 1964ರಲ್ಲಿ ಕಾಡು, ಗದ್ದೆ, ತೋಟ, ಊರುಗಳ ಮೇಲೆ ನಿಂತ ನೀರು. ಅಲ್ಲಿ ಮುಳುಗಿದ ಮರಗಳ ಬುಡಗಳು ನೀರಿನಡಿ ಇನ್ನೂ ನಿಂತಿವೆ. ಪೂರ್ಣ ಮಟ್ಟ 1819 ಅಡಿ; ಮಳೆಗಾಲದಿಂದ ಬೇಸಿಗೆಗೆ ನೀರು ಇಳಿಯುತ್ತ ಹೋದಂತೆ ನಿನ್ನೆ ಆಳದಲ್ಲಿದ್ದ ಕೊರಡು ಇಂದು ಗೇಣುದ್ದದ ನೀರಿನಡಿ ಬಂದಿರುತ್ತದೆ. ತೆಪ್ಪದವನಿಗೆ ಅದು ಗೊತ್ತು. ಅವನು ನಿಧಾನವಾಗಿ ಹೋಗುತ್ತಾನೆ, ತಾಗಿದರೂ ತಳ್ಳಿ ಸರಿಯುತ್ತಾನೆ. ಸೀಗ್ರೇವರಿಗೆ ಬೇಕಾದದ್ದು ಒಂದೇ ದಿಮ್ಮಿ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟಂತೂ ಇಡಿಯಾಗಿ ಈ ಹಿನ್ನೀರಿನೊಳಗೇ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಎದ್ದು ಕಾಣುತ್ತದೆ. ಆಗ ಅದನ್ನು ನೋಡಲು ಜನ ಸೇರುತ್ತಾರೆ. ಅಪಾಯವಿರುವುದು ಅದು ಕಾಣುವಾಗಲ್ಲ, ಒಂದಡಿ ನೀರಿನಡಿ ಮರೆಯಾಗಿರುವಾಗ.

ಈ ನೀರು ಖಾಲಿ ಮೈದಾನವಲ್ಲ. ತುಮರಿ, ಕರೂರು ಸೀಮೆಯ ಜನ ದಶಕಗಳ ಕಾಲ ಆಸ್ಪತ್ರೆಗೂ ಕಾಲೇಜಿಗೂ ಲಾಂಚನ್ನೇ ಕಾದರು. 2025ರ ಜುಲೈ 14ರಂದು ಸಿಗಂದೂರಿನ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿದಿದೆ. ಆದರೆ ಹಿನ್ನೀರಿನಲ್ಲಿ ಮೀನು ಹಿಡಿಯುವವರು, ದನ ಮೇಯಿಸುವವರು, ದಡದಲ್ಲಿ ಬಟ್ಟೆ ಒಗೆಯುವವರು ಎಲ್ಲಿಗೂ ಹೋಗಿಲ್ಲ. ನಾಡಿಗೆ ಬೆಳಕು ಕೊಡಲೆಂದು ಮನೆ ಮಾರು ಬಿಟ್ಟು ಎದ್ದುಬಂದ ಮುಳುಗಡೆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅವರ ಊರಿನ ಮೇಲೆ ನಿಂತ ನೀರಿನಲ್ಲಿ ಅವರ ತೆಪ್ಪವೇ ಅಂಚಿಗೆ ಸರಿಯಬೇಕೆ?

ನೋಂದಣಿ, ತಪಾಸಣೆ, ವಿಮೆ, ಚಾಲಕನ ಅರ್ಹತೆ ಇವನ್ನೆಲ್ಲ 2021ರ ಒಳನಾಡು ಹಡಗುಗಳ ಕಾಯ್ದೆ ಈಗಾಗಲೇ ವಿಧಿಸಿದೆ. ಅರ್ಜಿ ಬಂದಾಗ ಈ ಕಾಗದಗಳನ್ನು ಕೇಳುವುದು ಪಂಚಾಯತಿಯ ಕನಿಷ್ಠ ಕೆಲಸ. ಆದರೆ ಅವೆಲ್ಲ ದೋಣಿಯ ಕುರಿತವು. ಗ್ರಾಮಸಭೆ ಕೇಳಬೇಕಾದದ್ದು ನೀರಿನ ಕುರಿತು. ಯಾವ ತಿಂಗಳಲ್ಲಿ ಎಲ್ಲಿ ಎಷ್ಟು ಆಳ, ಕೊರಡುಗಳಿರುವ ಜಾಗದ ನಕ್ಷೆ ಎಲ್ಲಿ, ದಡದಿಂದ ಎಷ್ಟು ದೂರ, ತೆಪ್ಪಗಳು ಹಾಯುವ ದಾರಿಯಲ್ಲಿ ಯಾರಿಗೆ ಮೊದಲ ಹಕ್ಕು, ಮತ್ತು ಗಂಟೆಗೆ ಎಷ್ಟು ಕಿಲೋಮೀಟರ್. ಕೊನೆಯ ಈ ಅಂಕಿ ಬರೆದಿಲ್ಲದ ಯಾವ ಅನುಮತಿ ಪತ್ರಕ್ಕೂ ಮಲೆನಾಡಿನ ಯಾವ ಗ್ರಾಮಸಭೆಯೂ ಒಪ್ಪಿಗೆ ಕೊಡಬಾರದು. ವೇಗವೇ ಬೇಕೆನ್ನುವವರಿಗೆ ಕಾನಿಸ್ಟನ್ ಒಂದು ದಾರಿ ತೋರಿಸಿದೆ: ಕ್ಯಾಂಪ್‌ಬೆಲ್ ಸತ್ತ ಆ ಸರೋವರದಲ್ಲಿ ನವೆಂಬರಿನ ಒಂದು ವಾರ ಮಾತ್ರ ವಿಶೇಷ ಅನುಮತಿಯ ಮೇಲೆ, ಗುರುತಿಸಿದ ಪಥದಲ್ಲಿ, ದಾಖಲೆಯ ಓಟಗಳು ನಡೆಯುತ್ತವೆ. ಉಳಿದ ದಿನಗಳಲ್ಲಿ ಅಲ್ಲಿಯ ಮಿತಿ ಗಂಟೆಗೆ 16 ಕಿ.ಮೀ.